ಮುಚ್ಚಿದ ಕಿವಿಯೊಳಗಿನ ಗಾಳಿ: ಇನ್-ಇಯರ್ ಹೆಡ್‌ಫೋನ್‌ಗಳ ಡ್ರೈವರ್ ಮತ್ತು ದನಿಯ ಗುಣಮಟ್ಟ

ಇಯರ್‌ಫೋನ್‌ಗಳ ಬಗ್ಗೆ ಮಾತನಾಡಲು ನಿಂತಾಗಲೆಲ್ಲ ನನಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಇದರಲ್ಲಿ ಎಷ್ಟು ಡ್ರೈವರ್‌ಗಳಿವೆ? ಡ್ರೈವರ್ ಎಂದರೆ ಒಳಗೆ ಕೂತು ವಿದ್ಯುತ್ತನ್ನು ದನಿಯಾಗಿಸುವ ಪುಟ್ಟ ಸಾಧನ. ಒಂದಕ್ಕಿಂತ ಐದು ಮೇಲು, ಐದಕ್ಕಿಂತ ಹತ್ತು ಮೇಲು ಎಂಬ ನಂಬಿಕೆ ಕೇಳುಗರಲ್ಲಿ ಗಟ್ಟಿಯಾಗಿ ಬೇರೂರಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದೂ ಆ ಸಂಖ್ಯೆಯೇ. ಆ ಸಂಖ್ಯೆಗೆ ಅರ್ಥವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕಿವಿಯೊಳಗೆ ಕೂರುವ ಇಯರ್‌ಫೋನನ್ನು ಚಿಕ್ಕದಾಗಿಸಿದ ಲೌಡ್‌ಸ್ಪೀಕರ್ ಎಂದು ಭಾವಿಸಿ ಲೆಕ್ಕ ಹಾಕಲು ಹೊರಟರೆ ಬಹುತೇಕ ಎಲ್ಲ ತೀರ್ಮಾನಗಳೂ ತಪ್ಪುತ್ತವೆ. ನಾವು ಕೊಂಡು ತರುವುದು ಅರ್ಧ ಯಂತ್ರವನ್ನು ಮಾತ್ರ. ಉಳಿದರ್ಧ ನಮ್ಮ ಕಿವಿನಾಳ. ಈ ಎರಡು ಅರ್ಧಗಳು ಸೇರಿದ ಮೇಲೆ ಹುಟ್ಟುವ ಪುಟ್ಟ ಗಾಳಿಯ ಕೋಣೆಯಲ್ಲೇ ದನಿಯ ಗುಣಮಟ್ಟ ಬಹುಪಾಲು ತೀರ್ಮಾನವಾಗುತ್ತದೆ ಎಂಬುದು ಇಂದು ನಾನು ಹೇಳಲಿರುವ ಮಾತು.

ಮೊದಲು ಆ ಕೋಣೆಯನ್ನೇ ನೋಡೋಣ. ಲೌಡ್‌ಸ್ಪೀಕರ್ ತೆರೆದ ಜಾಗದಲ್ಲಿ ಕೆಲಸ ಮಾಡುವಾಗ ಅದು ತಳ್ಳಿದ ಗಾಳಿ ಎಲ್ಲ ದಿಕ್ಕಿಗೂ ಚೆದುರಿಹೋಗುತ್ತದೆ. ಹಾಗೆ ಚೆದುರುವ ಗಾಳಿಯಲ್ಲಿ ಒತ್ತಡ ಹುಟ್ಟಬೇಕಾದರೆ ಅದರ ಕೋನು, ಅಂದರೆ ಗಾಳಿಯನ್ನು ತಳ್ಳುವ ಭಾಗ, ಎಷ್ಟು ದೂರ ಸರಿಯಿತು ಎನ್ನುವುದಕ್ಕಿಂತ ಎಷ್ಟು ಚುರುಕಾಗಿ ವೇಗ ಬದಲಿಸಿತು ಎನ್ನುವುದು ಮುಖ್ಯ. ಆದ್ದರಿಂದಲೇ ಕಂಪನಾಂಕ ಅರ್ಧಕ್ಕಿಳಿದರೆ ಅದೇ ಮಟ್ಟದ ದನಿಗಾಗಿ ಕೋನು ನಾಲ್ಕು ಪಟ್ಟು ದೂರ ಓಡಾಡಬೇಕಾಗುತ್ತದೆ. ಕಿವಿಗೆ ಬಿರಡೆಯಂತೆ ಕೂತ ಇಯರ್‌ಫೋನಿನ ಮುಂದೆ ಇರುವುದಾದರೋ ಒಂದೆರಡು ಘನ ಸೆಂಟಿಮೀಟರಿನಷ್ಟು ಗಾಳಿ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ಹಿಡಿಯನ್ನು ಅದುಮಿದಾಗ ಗಾಳಿ ಹೇಗೆ ಎದುರು ಒತ್ತುತ್ತದೆಯೋ ಇಲ್ಲಿಯೂ ಹಾಗೆಯೇ. ಎಷ್ಟು ಸರಿದರೆ ಅಷ್ಟು ಒತ್ತಡ. ನಿಧಾನವಾಗಿ ಸರಿದರೂ ಅಷ್ಟೇ, ಬೇಗ ಸರಿದರೂ ಅಷ್ಟೇ.

ಇದರ ಪರಿಣಾಮ ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. 94 ಡೆಸಿಬೆಲ್ ಎಂದರೆ ಒಂದು ಪಾಸ್ಕಲ್‌ನಷ್ಟು ದನಿಯ ಒತ್ತಡ. ನೆಲದ ಮೇಲಿಟ್ಟ ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ, 30 ಹರ್ಟ್ಸ್‌ನ ಮಂದ್ರ ದನಿ ಈ ಮಟ್ಟಕ್ಕೆ ಬರಬೇಕಾದರೆ ಸುಮಾರು 150 ಘನ ಸೆಂಟಿಮೀಟರ್ ಗಾಳಿ ಹಿಂದೆ ಮುಂದೆ ಸರಿಯಬೇಕು. ಎರಡು ಘನ ಸೆಂಟಿಮೀಟರಿನ ಮುಚ್ಚಿದ ಜಾಗದಲ್ಲಿ ಅದೇ ಒತ್ತಡಕ್ಕೆ 0.014 ಘನ ಮಿಲಿಮೀಟರ್ ಸಾಕು. ಎರಡರ ನಡುವಿನ ಅಂತರ ಸರಿಸುಮಾರು ಒಂದು ಕೋಟಿ ಪಟ್ಟು. ಹತ್ತು ಮಿಲಿಮೀಟರ್ ಅಗಲದ ಡಯಾಫ್ರಮ್ ಎಂಬ ತೆಳು ಪೊರೆ ಅಷ್ಟು ಗಾಳಿಯನ್ನು ತಳ್ಳಲು ಒಂದು ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟೂ ಸರಿಯಬೇಕಾಗಿಲ್ಲ. ಬೆರಳ ತುದಿಯಷ್ಟು ಚಿಕ್ಕ ವಸ್ತುವಿನಿಂದ ಅಷ್ಟು ಆಳದ ಬಾಸ್ ಹೇಗೆ ಬರುತ್ತದೆ ಎಂದು ಅಚ್ಚರಿಪಡುವವರಿಗೆ ಉತ್ತರ ಇದು: ಅದು ಡ್ರೈವರಿನ ಹೆಚ್ಚುಗಾರಿಕೆಗಿಂತ ಮುಚ್ಚಿದ ಕೋಣೆಯ ಹೆಚ್ಚುಗಾರಿಕೆ.

ಕೋಣೆ ಮುಚ್ಚಿರದಿದ್ದರೆ? ಈ ಭಾಷಣ ಕೇಳಲು ಸಭೆಯಲ್ಲಿದ್ದವರಿಗೆ ನಾನೊಂದು ಸಣ್ಣ ಪ್ರಯೋಗ ಮಾಡಿಸಿದೆ. ಓದುವವರೂ ಈಗಲೇ ಮಾಡಿ ನೋಡಬಹುದು. ಬಾಸ್ ಚೆನ್ನಾಗಿರುವ ಯಾವುದಾದರೂ ಹಾಡು ಹಾಕಿಕೊಂಡು, ಕಿವಿಯೊಳಗೆ ಕೂರುವ ಮೆತ್ತನೆಯ ಸಿಲಿಕೋನ್ ಟಿಪ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಬಿಡುವಂತೆ ಇಯರ್‌ಫೋನನ್ನು ಸ್ವಲ್ಪವೇ ಓರೆಯಾಗಿಸಿ. ಹಾಡು ನಿಲ್ಲುವುದಿಲ್ಲ, ಮಾತು ಮಸುಕಾಗುವುದಿಲ್ಲ, ಆದರೆ ಕೆಳಗಿನ ನೆಲವೇ ಕುಸಿದಂತೆ ಬಾಸ್ ಮಾಯವಾಗುತ್ತದೆ. ನಿಧಾನವಾಗಿ ಏರಿಳಿಯುವ ಒತ್ತಡಕ್ಕೆ ಆ ಸಂದಿಯ ಮೂಲಕ ಸೋರಿಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ; ವೇಗವಾಗಿ ಬದಲಾಗುವ ಒತ್ತಡಕ್ಕೆ ಸಿಗುವುದಿಲ್ಲ. ಸಂದಿ ದೊಡ್ಡದಾದಷ್ಟೂ ಸೋರಿಕೆಯ ಗಡಿ ಮೇಲಿನ ಕಂಪನಾಂಕಗಳಿಗೆ ಏರುತ್ತದೆ. ‘ಈ ಇಯರ್‌ಫೋನಿನಲ್ಲಿ ಬಾಸೇ ಇಲ್ಲ’ ಎಂದು ಒಬ್ಬರು, ‘ಇದರಲ್ಲಿ ಬಾಸ್ ಅತಿಯಾಯಿತು’ ಎಂದು ಇನ್ನೊಬ್ಬರು ಒಂದೇ ವಸ್ತುವಿನ ಬಗ್ಗೆ ಜಗಳವಾಡುವಾಗ, ಅವರ ರುಚಿಗಿಂತ ಮೊದಲು ಅವರ ಟಿಪ್‌ನ ಅಳತೆಯನ್ನು ವಿಚಾರಿಸಬೇಕು.

ಇನ್ನು ಕೋಣೆಯ ಉದ್ದದ ವಿಚಾರ. ದೊಡ್ಡವರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದದ, ಒಂದು ತುದಿ ತೆರೆದು ಇನ್ನೊಂದು ತುದಿಯಲ್ಲಿ ಕಿವಿಯ ತಮಟೆಯಿಂದ ಮುಚ್ಚಿದ ಕೊಳವೆ. ಇಂಥ ಕೊಳವೆ ತನ್ನ ಉದ್ದದ ನಾಲ್ಕು ಪಟ್ಟಿನ ಅಲೆಗೆ ಅನುನಾದ ಕೊಡುತ್ತದೆಯಾದ್ದರಿಂದ, ಬರಿ ಕಿವಿಯಲ್ಲಿ 3,000 ಹರ್ಟ್ಸ್‌ನ ಆಸುಪಾಸಿನ ದನಿ ಹತ್ತು ಡೆಸಿಬೆಲ್‌ಗೂ ಮೀರಿ ಹಿಗ್ಗುತ್ತದೆ. ಹುಟ್ಟಿದಾಗಿನಿಂದ ಇದೇ ಹಿಗ್ಗಿನೊಂದಿಗೆ ಲೋಕವನ್ನು ಕೇಳಿರುವ ಮಿದುಳಿಗೆ ಅದೇ ಸಹಜ. ಇಯರ್‌ಫೋನ್ ಹಾಕಿಕೊಂಡ ಕೂಡಲೇ ಕೊಳವೆಯ ಎರಡೂ ತುದಿಗಳು ಮುಚ್ಚಿಹೋಗುತ್ತವೆ. ಆಗ ಅನುನಾದ ಕೊಳವೆಯ ಎರಡು ಪಟ್ಟು ಉದ್ದದ ಅಲೆಗೆ ಜಿಗಿದು, ಸುಮಾರು 8,000 ಹರ್ಟ್ಸ್‌ನ ಹತ್ತಿರ ಹೋಗಿ ನಿಲ್ಲುತ್ತದೆ. ಅಂದರೆ ಇರಬೇಕಾದ ಕಡೆ ಇದ್ದ ಶಿಖರ ಮಾಯವಾಗಿ, ಇರಬಾರದ ಕಡೆ ಹೊಸದೊಂದು ಶಿಖರ ಏಳುತ್ತದೆ. ಕಳೆದುಹೋದ 3,000 ಹರ್ಟ್ಸ್‌ನ ಹಿಗ್ಗನ್ನು ಇಯರ್‌ಫೋನೇ ತುಂಬಿಕೊಡಬೇಕು. ತುಂಬಿಕೊಡದಿದ್ದರೆ, ಅಳತೆಯಲ್ಲಿ ಗೆರೆ ಎಳೆದಷ್ಟು ನೇರವಾಗಿದ್ದರೂ ದನಿ ಕಂಬಳಿಯ ಹಿಂದಿನಿಂದ ಬಂದಂತೆ ಕೇಳುತ್ತದೆ.

8,000 ಹರ್ಟ್ಸ್‌ನ ಶಿಖರವಂತೂ ವಿನ್ಯಾಸಕಾರರ ಪಾಲಿಗೆ ಓಡಾಡುವ ಗುರಿ. ಟಿಪ್ ಮತ್ತು ತಮಟೆಯ ನಡುವೆ 20 ಮಿಲಿಮೀಟರ್ ಉಳಿದಿದ್ದರೆ ಸರಳ ಲೆಕ್ಕದಲ್ಲಿ ಅದು 8,600 ಹರ್ಟ್ಸ್‌ನ ಹತ್ತಿರ ಬರುತ್ತದೆ. ಇನ್ನೆರಡು ಮಿಲಿಮೀಟರ್ ಒಳಗೆ ತಳ್ಳಿದರೆ 9,500ಕ್ಕೆ ಏರುತ್ತದೆ. ಇಯರ್‌ಫೋನ್‌ಗಳನ್ನು ಅಳೆಯಲು ಬಳಸುವ ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 60318-4 ಮಾನಕದ ಕೃತಕ ಕಿವಿಯೂ ಈ ಸಂಕಟದಿಂದ ಮುಕ್ತವಲ್ಲ. ಅದರಿಂದ ಬಂದ, ಯಾವ ಕಂಪನಾಂಕದಲ್ಲಿ ದನಿ ಎಷ್ಟು ಜೋರೆಂದು ತೋರಿಸುವ ನಕ್ಷೆಯಲ್ಲಿ 8,000 ಹರ್ಟ್ಸ್‌ನ ಬಳಿ ಕಾಣುವ ಚೂಪು ಕೊಂಬು ಎಷ್ಟೋ ಸಲ ಡ್ರೈವರಿನದ್ದಾಗಿರದೆ, ಅಳೆಯುವವರು ಇಯರ್‌ಫೋನನ್ನು ಎಷ್ಟು ಆಳಕ್ಕೆ ಕೂರಿಸಿದರು ಎಂಬುದರ ಗುರುತಾಗಿರುತ್ತದೆ. ಆ ಮೇಲಿನ ಭಾಗದ ನಕ್ಷೆಯನ್ನು ಹಿಡಿದು ಎರಡು ಇಯರ್‌ಫೋನ್‌ಗಳ ‘ತಾರ ಸ್ಥಾಯಿ’ಯನ್ನು ಅರ್ಧ ಡೆಸಿಬೆಲ್‌ನ ಮಟ್ಟಿಗೆ ಹೋಲಿಸುವವರನ್ನು ಕಂಡರೆ ನನಗೆ ಸ್ವಲ್ಪ ಕನಿಕರವಾಗುತ್ತದೆ.

ಈಗ ಡ್ರೈವರ್‌ಗಳಿಗೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು ಡೈನಾಮಿಕ್ ಡ್ರೈವರ್. ಆರರಿಂದ ಹದಿಮೂರು ಮಿಲಿಮೀಟರ್ ಅಗಲದ ತೆಳು ಪೊರೆಯೊಂದಕ್ಕೆ ಕೂದಲಿಗಿಂತ ತೆಳುವಾದ ತಂತಿಯ ಸುರುಳಿಯನ್ನು ಅಂಟಿಸಿ, ಆ ಸುರುಳಿಯನ್ನು ನಿಯೋಡಿಮಿಯಮ್ ಅಯಸ್ಕಾಂತದ ಕಿರಿದಾದ ಕಂದಕದಲ್ಲಿ ತೂಗಿಬಿಟ್ಟಿರುತ್ತಾರೆ. ವಿದ್ಯುತ್ ಹರಿದಂತೆ ಸುರುಳಿ ಮೇಲೆ ಕೆಳಗೆ ಆಡುತ್ತದೆ, ಅದರೊಂದಿಗೆ ಪೊರೆಯೂ. ಲೌಡ್‌ಸ್ಪೀಕರಿನದೂ ಇದೇ ರಚನೆಯಾದರೂ ಕೆಲಸದ ವಲಯ ಮಾತ್ರ ತಲೆಕೆಳಗು. ಲೌಡ್‌ಸ್ಪೀಕರ್ ತನ್ನ ಸ್ವಂತ ಅನುನಾದಕ್ಕಿಂತ ಮೇಲಿನ ಕಂಪನಾಂಕಗಳಲ್ಲಿ ದುಡಿಯುತ್ತದೆ, ಅಲ್ಲಿ ಕೋನಿನ ತೂಕದ್ದೇ ಆಳ್ವಿಕೆ. ಮುಚ್ಚಿದ ಕಿವಿಯಲ್ಲಿ ಡೈನಾಮಿಕ್ ಡ್ರೈವರ್ ಮಂದ್ರವನ್ನೆಲ್ಲ ತನ್ನ ಅನುನಾದಕ್ಕಿಂತ ಕೆಳಗೆ ನುಡಿಸುತ್ತದೆ, ಅಲ್ಲಿ ಪೊರೆಯ ಅಂಚಿನ ಬಿಗುವು ಮತ್ತು ಹಿಂದೆ ಸಿಕ್ಕಿಕೊಂಡ ಗಾಳಿಯ ಬಿಗುವು ಆಳುತ್ತವೆ. ಈ ಕಾರಣಕ್ಕಾಗಿ ಪೊರೆಯ ಅಂಚಿನಲ್ಲಿ ಒತ್ತಿ ಮೂಡಿಸಿದ ಓರೆ ಗೆರೆಗಳು, ಹಿಂಬದಿಯ ಕೋಣೆಯ ಗಾತ್ರ, ಅದಕ್ಕೆ ಕೊರೆದ ಸೂಜಿಮೊನೆಯಷ್ಟು ರಂಧ್ರ ಮತ್ತು ಆ ರಂಧ್ರದ ಮೇಲೆ ಅಂಟಿಸಿದ ಜಾಲರಿ ಇವೆಲ್ಲ ಪೊರೆಯ ವಸ್ತುವಿನಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ದನಿಯನ್ನು ರೂಪಿಸುತ್ತವೆ.

ವಸ್ತುವಿನ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಬೆರಿಲಿಯಮ್, ವಜ್ರದಂಥ ಇಂಗಾಲದ ಲೇಪ, ದ್ರವಸ್ಫಟಿಕ ಪಾಲಿಮರ್ ಎಂಬ ಹೆಸರುಗಳು ಜಾಹೀರಾತಿನಲ್ಲಿ ಮಂತ್ರಗಳಂತೆ ಬರುತ್ತವೆ. ಇವುಗಳ ಹಿಂದೆ ನಿಜವಾದ ತರ್ಕವಿದೆ. ಕಂಪನಾಂಕ ಏರುತ್ತ ಹೋದಂತೆ ಪೊರೆ ಇಡಿಯಾಗಿ ಚಲಿಸುವುದನ್ನು ಬಿಟ್ಟು ತುಂಡು ತುಂಡಾಗಿ, ಒಂದು ಭಾಗ ಮೇಲೇರಿದಾಗ ಇನ್ನೊಂದು ಕೆಳಗಿಳಿಯುವಂತೆ ಬಳುಕತೊಡಗುತ್ತದೆ. ಹಗುರವೂ ಗಡಸೂ ಆದ ವಸ್ತು ಈ ಬಳುಕಾಟವನ್ನು ಇನ್ನಷ್ಟು ಮೇಲಿನ ಕಂಪನಾಂಕಗಳಿಗೆ ದೂಡುತ್ತದೆ. ಬೆರಿಲಿಯಮ್‌ನೊಳಗೆ ದನಿ ಅಲ್ಯೂಮಿನಿಯಮ್‌ನೊಳಗಿನದರ ಎರಡು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಹರಿಯುವುದು ಆ ಗಡಸುತನ ಮತ್ತು ಹಗುರತನದ ಫಲವೇ. ಆದರೆ ಪ್ಲಾಸ್ಟಿಕ್ ಪೊರೆಯ ಮೇಲೆ ಸವರಿದ ಬಲು ತೆಳುವಾದ ಲೇಪಕ್ಕೂ ಪೂರ್ತಿ ಲೋಹದ ಹಾಳೆಗೂ ವ್ಯತ್ಯಾಸವಿದೆ. ಸುರುಳಿ ಕಂದಕದ ನಟ್ಟನಡುವೆ ಕೂರದಿದ್ದರೆ ಪೊರೆ ಓಲಾಡಿ, ಸುರುಳಿ ಗೋಡೆಗೆ ಉಜ್ಜುತ್ತದೆ. ಆಗ ಯಾವ ಲೇಪವೂ ಉಳಿಸಲಾರದು. ಎಚ್ಚರದಿಂದ ಜೋಡಿಸಿದ ಸಾದಾ ಪ್ಲಾಸ್ಟಿಕ್ ಪೊರೆ, ಅವಸರದಲ್ಲಿ ಅಂಟಿಸಿದ ಬೆರಿಲಿಯಮ್‌ಗಿಂತ ಚೆನ್ನಾಗಿ ಹಾಡುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ.

ಎರಡನೆಯ ಬಗೆಯದು ಬ್ಯಾಲೆನ್ಸ್ಡ್ ಆರ್ಮೇಚರ್, ಇದರ ಕತೆ ಹಳೆಯದು. 1910ರ ಸುಮಾರಿಗೆ ನಥಾನಿಯಲ್ ಬಾಲ್ಡ್‌ವಿನ್ ಅಮೆರಿಕದ ನೌಕಾಪಡೆಗೆ ಒದಗಿಸಿದ ಹೆಡ್‌ಫೋನ್‌ಗಳಲ್ಲೇ ಈ ತತ್ತ್ವವಿತ್ತು. ಹ್ಯೂ ನೋಲ್ಸ್ 1946ರಲ್ಲಿ ಸ್ಥಾಪಿಸಿದ ಕಂಪನಿ ಮುಂದೆ ಶ್ರವಣಸಾಧನಗಳಿಗಾಗಿ ಇದನ್ನು ಕುಗ್ಗಿಸುತ್ತ ಅಕ್ಕಿಕಾಳಿನ ಗಾತ್ರದ ಹತ್ತಿರಕ್ಕೆ ತಂದಿತು. ಸಂಗೀತ ಕೇಳಲು ಅದು ತಕ್ಕದ್ದೆಂದು ತೋರಿಸಿದ್ದು ಮೀಡ್ ಕಿಲಿಯನ್ 1983ರಲ್ಲಿ ಕಟ್ಟಿದ ಎಟಿಮೋಟಿಕ್ ರಿಸರ್ಚ್. ಅವರ ಇಆರ್-4 ಎಂಬ ಇಯರ್‌ಫೋನ್ 1991ರಲ್ಲಿ ಬಂದಿತು. ವೇದಿಕೆಯ ಗದ್ದಲದ ನಡುವೆ ತನ್ನ ವಾದ್ಯ ತನಗೇ ಕೇಳಿಸದೆ ಒದ್ದಾಡುತ್ತಿದ್ದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ದನಿ ಎಂಜಿನಿಯರ್ ಜೆರ್ರಿ ಹಾರ್ವಿ 1995ರಲ್ಲಿ ಎರಡು ಆರ್ಮೇಚರ್‌ಗಳ ಇಯರ್‌ಫೋನನ್ನು ಮಾಡಿಕೊಟ್ಟರು. ಹಲವು ಡ್ರೈವರ್‌ಗಳ ಸ್ಪರ್ಧೆ ಬಹುಮಟ್ಟಿಗೆ ಅಲ್ಲಿಂದ ಶುರುವಾಯಿತೆನ್ನಬಹುದು.

ಇದರೊಳಗೆ ಇರುವುದು ಒಂದು ತುದಿ ಬಿಗಿದು ಇನ್ನೊಂದು ತುದಿ ಬಿಟ್ಟ ಲೋಹದ ನಾಲಗೆ. ಅದು ತಂತಿಯ ಸುರುಳಿಯ ನಡುವಿನಿಂದ ಹಾದು, ಮೇಲೊಂದು ಕೆಳಗೊಂದು ಅಯಸ್ಕಾಂತಗಳ ಮಧ್ಯೆ ಸಮತೋಲದಲ್ಲಿ ನಿಂತಿರುತ್ತದೆ. ಎರಡೂ ಕಡೆಯ ಸೆಳೆತ ಸಮವಾಗಿರುವುದರಿಂದಲೇ ಆ ಹೆಸರು. ಸುರುಳಿಯಲ್ಲಿ ವಿದ್ಯುತ್ ಹರಿದಾಗ ನಾಲಗೆ ತಾನೇ ಅಯಸ್ಕಾಂತವಾಗಿ ಒಂದು ಕಡೆಗೆ ವಾಲುತ್ತದೆ, ಅದಕ್ಕೆ ಅಂಟಿಸಿದ ಸಣ್ಣ ಕಡ್ಡಿ ಪಕ್ಕದ ಪೊರೆಯನ್ನು ಎಳೆದು ತಳ್ಳುತ್ತದೆ. ಅತ್ಯಲ್ಪ ವಿದ್ಯುತ್ತಿನಲ್ಲಿ ಸಾಕಷ್ಟು ದನಿ, ಅತ್ಯಲ್ಪ ಜಾಗ: ಇವು ಇದರ ಗುಣಗಳು. ನಾಲಗೆಯ ಮತ್ತು ಮುಂದಿನ ಕೊಳವೆಯ ಚೂಪು ಅನುನಾದಗಳು, ಮಂದ್ರದಲ್ಲಿ ಜೋರಾಗಿ ನುಡಿಸಿದಾಗ ಏರುವ ವಿರೂಪ, ಕೈಜಾರಿ ಬಿದ್ದರೆ ನಾಲಗೆ ಅಯಸ್ಕಾಂತಕ್ಕೆ ಅಂಟಿಕೊಂಡು ದನಿ ಕ್ಷೀಣಿಸುವುದು: ಇವು ದೋಷಗಳು. ಅನುನಾದದ ಕೊಂಬನ್ನು ಮೊಂಡಾಗಿಸಲು ಕೊಳವೆಯಲ್ಲಿ ನವಿರಾದ ಜಾಲರಿಯ ಡ್ಯಾಂಪರ್ ಇಡುತ್ತಾರೆ. ಅದು ಗಾಳಿಗೆ ಒಡ್ಡುವ ಅಡ್ಡಿ ಎಷ್ಟೆಂಬುದನ್ನು ಬಣ್ಣದಿಂದ ಗುರುತಿಸುವ ರೂಢಿಯಿದೆ.

ಈ ಜಾಲರಿಯ ಮಹಿಮೆ ನನಗೆ ತಿಳಿದದ್ದು ಪಾಠದಿಂದಲ್ಲ. ನನ್ನ ಇಯರ್‌ಫೋನಿನ ಎಡಗಡೆ ಕೆಲವು ತಿಂಗಳಲ್ಲಿ ಕ್ಷೀಣಿಸುತ್ತ ಬಂತು. ತಂತಿ ಅದಲುಬದಲು ಮಾಡಿ ನೋಡಿದೆ, ಡ್ರೈವರ್ ಸತ್ತಿತೆಂದು ತೀರ್ಮಾನಿಸಿದೆ. ಕೊನೆಗೆ ಭೂತಗನ್ನಡಿ ಹಿಡಿದು ನಳಿಕೆಯ ಬಾಯಿ ನೋಡಿದರೆ, ಜಾಲರಿಯ ಕಣ್ಣುಗಳಲ್ಲಿ ಮುಕ್ಕಾಲು ಪಾಲು ಕಿವಿಗುಗ್ಗೆಯ ಹಳದಿ ಪೊರೆಯಿಂದ ಮುಚ್ಚಿಹೋಗಿದ್ದವು. ಸೂಜಿಯಿಂದ ಜಾಲರಿಯನ್ನೇ ಕಿತ್ತು ಹಾಕಿದೆ. ದನಿಯೇನೋ ಮರಳಿತು, ಆದರೆ ಹಾಡುಗಾರರ ದನಿಯಲ್ಲಿ ಹಿಂದೆಂದೂ ಇಲ್ಲದ ಕಿರುಚು ಸೇರಿತ್ತು. ಹೊಸ ಜಾಲರಿ ಅಂಟಿಸಿದ ಮೇಲೆಯೇ ಬಲಕ್ಕೂ ಎಡಕ್ಕೂ ಸರಿಹೊಂದಿದ್ದು. ಉಗುರಿನ ಚೂರಿನಷ್ಟಿರುವ ಆ ಬಟ್ಟೆ ಧೂಳು ತಡೆಯಲು ಇಟ್ಟದ್ದೆಂದು ನಾನು ಅಂದುಕೊಂಡಿದ್ದೆ. ಅದು ವಿನ್ಯಾಸದ ಒಂದು ಅಂಗವಾಗಿತ್ತು.

ಒಂದು ಆರ್ಮೇಚರ್ ಎಲ್ಲ ಸ್ಥಾಯಿಗಳನ್ನೂ ಸಮನಾಗಿ ನುಡಿಸಲು ಕಷ್ಟಪಡುವುದರಿಂದ ಮಂದ್ರಕ್ಕೊಂದು, ಮಧ್ಯಕ್ಕೊಂದು, ತಾರಕ್ಕೊಂದು ಎಂದು ಹಂಚಿಕೊಡುವುದು ಸಹಜವಾದ ಉಪಾಯ. ಮಂದ್ರಕ್ಕೆ ಡೈನಾಮಿಕ್ ಡ್ರೈವರನ್ನೂ ಮೇಲಿನ ಭಾಗಕ್ಕೆ ಆರ್ಮೇಚರ್‌ಗಳನ್ನೂ ಇಡುವ ಮಿಶ್ರ ರಚನೆಗೆ ಹೈಬ್ರಿಡ್ ಎನ್ನುತ್ತಾರೆ. ಆದರೆ ಹಂಚಿದ ಕೆಲಸವನ್ನು ಮತ್ತೆ ಹೊಲಿಯಬೇಕಲ್ಲ? ಎರಡು ಡ್ರೈವರ್‌ಗಳು ಒಂದೇ ದನಿಯನ್ನು ನುಡಿಸುವ ಗಡಿಭಾಗದಲ್ಲಿ ಒಂದು ತಳ್ಳುತ್ತಿರುವಾಗ ಇನ್ನೊಂದು ಎಳೆಯುತ್ತಿದ್ದರೆ ಎರಡೂ ಒಂದನ್ನೊಂದು ಅಳಿಸುತ್ತವೆ, ನಕ್ಷೆಯಲ್ಲಿ ಹಳ್ಳ ಬೀಳುತ್ತದೆ. ಇದನ್ನು ಸರಿಪಡಿಸುವ ಸಾಧನಗಳು ಕ್ರಾಸ್‌ಓವರಿನ, ಅಂದರೆ ಯಾವ ಸ್ಥಾಯಿ ಯಾವ ಡ್ರೈವರಿಗೆಂದು ಹಂಚುವ ಮಂಡಲದ, ಕೆಪಾಸಿಟರ್, ರೆಸಿಸ್ಟರ್‌ಗಳು ಮತ್ತು ಬೇರೆ ಬೇರೆ ಉದ್ದ, ಅಗಲಗಳ ಕೊಳವೆಗಳು. ಹತ್ತು ಡ್ರೈವರ್‌ಗಳೆಂದರೆ ಹೊಲಿಗೆಗಳೂ ಹೆಚ್ಚು. ಕೆಲವು ಕಡೆ ಒಂದೇ ಸ್ಥಾಯಿಗೆ ಎರಡೆರಡು ಆರ್ಮೇಚರ್‌ಗಳನ್ನು ಜೋಡಿಸಿ ಪ್ರತಿಯೊಂದರ ಭಾರವನ್ನೂ ವಿರೂಪವನ್ನೂ ತಗ್ಗಿಸಿರುತ್ತಾರೆ, ಅದು ಒಪ್ಪುವ ಮಾತು. ಇನ್ನು ಕೆಲವು ಕಡೆ ಎಣಿಕೆಗಾಗಿಯೇ ಎಣಿಕೆ.

ಇಂಥ ರಚನೆಗಳಲ್ಲಿ ಇನ್ನೊಂದು ತೊಡಕು ಅಡಗಿದೆ. ಅವುಗಳ ಇಂಪೀಡೆನ್ಸ್, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ಅಡ್ಡಿ, ಕಂಪನಾಂಕದೊಂದಿಗೆ ಏರಿಳಿಯುತ್ತದೆ. ಉದಾಹರಣೆಗೆ ಒಂದು ಇಯರ್‌ಫೋನ್ ಮಂದ್ರದ ಬಳಿ 40 ಓಮ್, ತಾರದ ಬಳಿ 5 ಓಮ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಓಮ್‌ನ ಔಟ್‌ಪುಟ್ ಇಂಪೀಡೆನ್ಸ್ ಇರುವ ಆಂಪ್ಲಿಫೈಯರಿಗೆ ಅದನ್ನು ಜೋಡಿಸಿದರೆ ಮಂದ್ರದಲ್ಲಿ ಸುಮಾರು 2 ಡೆಸಿಬೆಲ್, ತಾರದಲ್ಲಿ ಸುಮಾರು 9.5 ಡೆಸಿಬೆಲ್ ಕಳೆದುಹೋಗುತ್ತದೆ. ಅಂದರೆ ದನಿಯ ಬಣ್ಣ ಏಳೂವರೆ ಡೆಸಿಬೆಲ್‌ನಷ್ಟು ವಾಲುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮ್ ಆಗಿದ್ದರೆ ಈ ವಾಲಿಕೆ ಒಂದೂವರೆ ಡೆಸಿಬೆಲ್‌ನೊಳಗೆ ಉಳಿಯುತ್ತದೆ. ‘ಈ ಆಂಪ್ಲಿಫೈಯರಿನಲ್ಲಿ ದನಿ ಬೆಚ್ಚಗಿದೆ’ ಎಂಬ ವರ್ಣನೆಗಳ ಹಿಂದೆ ಎಷ್ಟೋ ಸಲ ಇರುವುದು ಈ ಸರಳ ಭಾಗಾಕಾರ. ಒಂದೇ ಡೈನಾಮಿಕ್ ಡ್ರೈವರಿನ ಇಯರ್‌ಫೋನ್‌ಗಳಲ್ಲಿ ಇಂಪೀಡೆನ್ಸ್ ಹೆಚ್ಚು ಕಡಿಮೆ ಸಮವಾಗಿರುವುದರಿಂದ ಈ ಕಾಟವಿಲ್ಲ.

ಉಳಿದ ಬಗೆಗಳನ್ನು ಬೇಗ ದಾಟುತ್ತೇನೆ. ಪ್ಲೇನಾರ್ ಮ್ಯಾಗ್ನೆಟಿಕ್‌ನಲ್ಲಿ ಸುರುಳಿಯ ಬದಲು ಪೊರೆಯ ಮೈಮೇಲೆಯೇ ವಾಹಕದ ಗೆರೆಗಳಿರುತ್ತವೆ, ಆದ್ದರಿಂದ ಪೊರೆಯ ಬಹುಭಾಗ ಒಟ್ಟಿಗೆ ನೂಕಲ್ಪಡುತ್ತದೆ, ಇಂಪೀಡೆನ್ಸ್ ಕೂಡ ಸಮತಟ್ಟು. ಸ್ಥಿರ ವಿದ್ಯುತ್ತಿನ ಎಲೆಕ್ಟ್ರೋಸ್ಟಾಟಿಕ್ ಡ್ರೈವರ್‌ಗಳು ಇನ್-ಇಯರ್‌ಗಳಲ್ಲಿ ಸಾಮಾನ್ಯವಾಗಿ ತಾರದ ಮೇಲಂಚಿಗೆ ಮಾತ್ರ ಬಳಕೆಯಾಗುತ್ತವೆ. ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ ಪೀಜೋ ಹರಳಿನವೂ, ಚಿಪ್ ತಯಾರಿಸುವ ರೀತಿಯಲ್ಲೇ ಸಿಲಿಕಾನ್‌ನಿಂದ ಮಾಡಿದವೂ ಇವೆ.

ಹಾಗಾದರೆ ಒಳ್ಳೆಯ ದನಿ ಎಂದರೇನು? ದನಿ ಸಂಶೋಧಕ ಷಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ಆಡಿಯೊ ಉಪಕರಣ ತಯಾರಿಸುವ ಹರ್ಮನ್ ಸಂಸ್ಥೆಯಲ್ಲಿ ನಡೆಸಿದ ಕೇಳುವ ಪರೀಕ್ಷೆಗಳು ಈ ಪ್ರಶ್ನೆಯನ್ನು ನೆಲಕ್ಕಿಳಿಸಿದವು. ಬ್ರ್ಯಾಂಡ್, ರೂಪ, ಬೆಲೆ ಯಾವುದೂ ಕೇಳುಗರ ಅರಿವಿಗೆ ಬಾರದಂತೆ ಹೋಲಿಸಿದಾಗ, ಹೆಚ್ಚಿನವರು ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನ ಸಮತೋಲವನ್ನು ನೆನಪಿಸುವ ನಕ್ಷೆಯನ್ನೇ ಮೆಚ್ಚಿದರು: ಮಂದ್ರದಲ್ಲಿ ಏರು, ನಡುವೆ ಸಮ, 3,000 ಹರ್ಟ್ಸ್‌ನ ಬಳಿ ಆಗಲೇ ಹೇಳಿದ ಹಿಗ್ಗು, ಆಮೇಲೆ ಇಳಿತ. ಎಲ್ಲರೂ ಅದನ್ನೇ ಮೆಚ್ಚಬೇಕೆಂದಿಲ್ಲ, ಮಂದ್ರದ ಏರು ನನಗೆ ತುಸು ಹೆಚ್ಚೆನಿಸುತ್ತದೆ. ಆದರೆ ಡ್ರೈವರಿನ ಬಗೆಗಿಂತ ಕಂಪನಾಂಕದ ಸಮತೋಲವೇ ಮೆಚ್ಚುಗೆಯನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ‘ಆರ್ಮೇಚರ್ ವೇಗದ್ದು, ಡೈನಾಮಿಕ್ ನಿಧಾನದ್ದು’ ಎಂಬ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಒಂದೇ ಡ್ರೈವರಿನ ಇಯರ್‌ಫೋನ್‌ಗಳಲ್ಲಿ ಕಂಪನಾಂಕದ ನಕ್ಷೆ ಮತ್ತು ಕಾಲದ ವರ್ತನೆ ಬಹುಮಟ್ಟಿಗೆ ಒಂದೇ ನಾಣ್ಯದ ಎರಡು ಮುಖಗಳು. ನಕ್ಷೆಯನ್ನು ಈಕ್ವಲೈಸರ್‌ನಿಂದ ತಿದ್ದಿದರೆ ದನಿ ಎದ್ದು ಅಡಗುವ ರೀತಿಯೂ ತಿದ್ದುತ್ತದೆ. ಮಂದ್ರ ಕಡಿಮೆಯಿದ್ದು ಮೇಲಿನ ಭಾಗ ಚುರುಕಾಗಿರುವುದನ್ನೇ ನಾವು ಎಷ್ಟೋ ಸಲ ವೇಗವೆಂದು ಕರೆಯುತ್ತೇವೆ.

ತಂತಿಯಿಲ್ಲದ ಇಯರ್‌ಫೋನ್‌ಗಳಲ್ಲಿ ಈ ತಿದ್ದುವ ಕೆಲಸ ಒಳಗಿನ ಚಿಪ್‌ಗೇ ಸೇರಿದೆ. ಒಳಮುಖದ ಮೈಕ್ರೋಫೋನ್ ಕಿವಿನಾಳದ ಒತ್ತಡವನ್ನು ಕ್ಷಣಕ್ಷಣವೂ ಅಳೆಯುವುದರಿಂದ ಟಿಪ್‌ನ ಸೋರಿಕೆಯನ್ನೂ ಒಂದು ಮಿತಿಯವರೆಗೆ ತುಂಬಿಕೊಡಲು ಸಾಧ್ಯ. ಗದ್ದಲ ಅಳಿಸುವ ತಂತ್ರವೂ ಮುಖ್ಯವಾಗಿ ಸಾವಿರ ಹರ್ಟ್ಸ್‌ನ ಕೆಳಗೇ ಫಲ ಕೊಡುತ್ತದೆ. ಅದಕ್ಕಿಂತ ಮೇಲಿನ ಗದ್ದಲವನ್ನು ತಡೆಯುವುದು ಸಿಲಿಕೋನ್ ಟಿಪ್ಪೇ. ಬಿಗಿಯಾಗಿ ಮುಚ್ಚಿದ ಕಿವಿಗೆ ಇನ್ನೊಂದು ಲಾಭವೂ ಇದೆ. ಹೊರಗಿನ ಗದ್ದಲ ಒಳಬರದಿದ್ದರೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನಕ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತು 75 ಡೆಸಿಬೆಲ್ ಎಂಬ ಮಿತಿಯನ್ನು ಹೇಳುತ್ತದೆ. ಮೂರು ಡೆಸಿಬೆಲ್ ಏರಿಸಿದರೆ ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸುತ್ತೇನೆ. ಹೊಸ ಇಯರ್‌ಫೋನನ್ನು ನೂರು ಗಂಟೆ ನುಡಿಸಿ ‘ಪಳಗಿಸಿದ’ ಮೇಲೂ ಅದರ ಬಲಗಡೆ ಬಾಸ್ ಏಳಲಿಲ್ಲ, ಇನ್ನೆಷ್ಟು ಗಂಟೆ ಕಾಯಬೇಕು ಎಂದು ಒಬ್ಬರು ಕೇಳಿದರು. ಎಡಬಲ ಅದಲುಬದಲಾಗಿ ಹಾಕಿಕೊಳ್ಳಲು ಹೇಳಿದೆ. ಬಾಸ್ ಕಡಿಮೆಯಾಗಿ ಕೇಳಿದ್ದು ಮತ್ತೆ ಬಲಗಿವಿಯಲ್ಲೇ. ಅಲ್ಲಿಗೆ ತಪ್ಪು ಡ್ರೈವರಿನದಲ್ಲ ಎಂದಾಯಿತು. ಎರಡು ಕಿವಿನಾಳಗಳು ಒಂದೇ ಅಳತೆಯವಾಗಿರಬೇಕೆಂದಿಲ್ಲ. ಎಡಕ್ಕೆ ಮಧ್ಯಮ ಗಾತ್ರದ ಟಿಪ್ಪನ್ನೇ ಉಳಿಸಿ ಬಲಕ್ಕೆ ದೊಡ್ಡದನ್ನು ಹಾಕಿಸಿ, 30 ಹರ್ಟ್ಸ್‌ನ ಪರೀಕ್ಷಾ ದನಿಯನ್ನು ನುಡಿಸಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ದನಿ ಈಗ ತಲೆಯ ನಟ್ಟನಡುವೆ ನಿಂತಿದೆ ಎಂದರು.